ರೇಡಿಯೇಟರ್ ಸಾಬರಿಗೆ ಹೇಳದೇ ಉಳಿದದ್ದು

ಹೋದ ತಿಂಗಳು ಮಂಡ್ಯದಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಹಳೆಯ ವ್ಯಾನೊಂದು ಬಂದು ನನ್ನ ಪಕ್ಕದಲ್ಲೇ ನಿಂತಿತು. ಬಾನೆಟ್ಟಿನ ಸಂದಿಯಿಂದ ಸಣ್ಣಗೆ ಹಬೆ ಏಳುತ್ತಿತ್ತು. ಅದರ ಜೊತೆಗೇ ಒಂದು ಸಿಹಿ ವಾಸನೆ... ಪಕ್ಕದಲ್ಲಿದ್ದ ಹೆಂಗಸೊಬ್ಬರು ಮೂಗರಳಿಸಿ, "ಸಕ್ರೆ ಫ್ಯಾಕ್ಟ್ರಿ ಸುರುವಾಗ್ಯದೆ ಅಂತ ಕಾಣ್ತದೆ ಕಣಮ್ಮ" ಎಂದು ತಮ್ಮ ಜೊತೆಯವರಿಗೆ ಹೇಳಿದರು. ನಾನು ಡ್ರೈವರನ ಹತ್ತಿರ ಹೋಗಿ, "ಕೂಲೆಂಟು ಸೋರ್ತಾ ಇದೆ, ಮೊದಲು ಆಫ್ ಮಾಡಪ್ಪ" ಎಂದೆ. ಇಂಜಿನ್ನನ್ನು ತಣ್ಣಗಿಡಲು ರೇಡಿಯೇಟರಿಗೆ ಹಾಕುವ ಬಣ್ಣದ ನೀರು ಅದು. ಕಾದ ಕಬ್ಬಿಣದ ಮೇಲೆ ಬಿದ್ದರೆ ಸಿಹಿಯಾಗಿ ನಾರುತ್ತದೆ. ಈ ಮುದುಕನಿಗೆ ಇದೆಲ್ಲ ಹೇಗೆ ಗೊತ್ತು ಎನ್ನುವಂತೆ ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಗೊತ್ತು ಮಾಡಿಸಿದವರು ಬೇರೆ. ಅವರು ಹೇಳಿದ ದಿನ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ, ಅಷ್ಟೇ.

ಅವರ ಅಂಗಡಿ ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ, ಟೀ ಅಂಗಡಿಯೊಂದರ ಮಗ್ಗುಲಿಗೆ ಇತ್ತು. ಊರಿಗೆಲ್ಲ ಅವರು ರೇಡಿಯೇಟರ್ ಸಾಬರು. ನಿಜವಾದ ಹೆಸರು ಏನೆಂದು ನಾನು ಕೊನೆಗೂ ಕೇಳಲಿಲ್ಲ. ಅವರಿಗೂ ನಾನು ಬರೀ ಮೇಷ್ಟ್ರು. ಮದ್ದೂರಿನ ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಮಾವನವರಿಂದ ಬಂದ ಹಳೇ ಡೀಸೆಲ್ ಜೀಪೊಂದಿತ್ತು. ಅದಕ್ಕೂ ಸಿಟ್ಟು ಬೇಗ. ಬೇಸಿಗೆಯಲ್ಲಿ ನಾಲ್ಕು ಮೈಲಿ ಓಡಿದರೆ ಕುದಿಯಲು ಶುರುಮಾಡುತ್ತಿತ್ತು.

ನಾನು ಸಿಕ್ಕಸಿಕ್ಕಲ್ಲಿ ನಿಲ್ಲಿಸಿ ನಾಲೆಯ ನೀರು ಸುರಿಯುತ್ತಿದ್ದೆ. ಸಾಬರ ಹತ್ತಿರ ಮೊದಲ ಸಲ ಹೋದಾಗ ಅವರು ರೇಡಿಯೇಟರಿನ ಬಾಯಿಗೆ ಬೆರಳು ಹಾಕಿ, ಕೆಂಪು ಕೆಸರನ್ನು ತೆಗೆದು ನನ್ನ ಮುಂದೆ ಹಿಡಿದರು. "ಇದ್ರಲ್ಲಿ ನಾಟಿ ಮಾಡ್ಬೋದು ಮೇಷ್ಟ್ರೇ" ಎಂದರು. ಟೀ ಅಂಗಡಿಯವರೆಲ್ಲ ನಕ್ಕರು. ಒಂಬತ್ತನೇ ಕ್ಲಾಸಿಗೆ ಶಾಖದ ಪಾಠ ಮಾಡುವವನು ನಾನು. ನನಗೆ ಮೈ ಉರಿಯಿತು.

ಆದರೆ ಅವರ ಕೆಲಸ ನೋಡುತ್ತಾ ಕೂತರೆ ಹೊತ್ತು ಹೋಗುವುದೇ ತಿಳಿಯುತ್ತಿರಲಿಲ್ಲ. ಕುದಿಯುತ್ತಾ ಬಂದ ಗಾಡಿಯನ್ನು ಅವರು ತಕ್ಷಣ ಮುಟ್ಟುತ್ತಿರಲಿಲ್ಲ. ಬಾನೆಟ್ ಎತ್ತಿಸಿ, ಮಾಲೀಕನಿಗೆ ಎರಡು ಟೀ ಕುಡಿಸುತ್ತಿದ್ದರು, ಒಂದಾದ ಮೇಲೆ ಒಂದು, ನಿಧಾನವಾಗಿ. ಅಷ್ಟು ಹೊತ್ತು ಆರದೆ ಮುಚ್ಚಳ ತೆಗೆಯಬಾರದು, ಬಿಸಿ ಇಂಜಿನ್ನಿಗೆ ತಣ್ಣೀರು ಸುರಿಯಬಾರದು ಎಂಬುದು ಅವರ ಕಟ್ಟುನಿಟ್ಟು. ಆಮೇಲೆ ರೇಡಿಯೇಟರ್ ಬಿಚ್ಚಿ, ಬಾಯಿಗಳನ್ನೆಲ್ಲ ಮುಚ್ಚಿ, ಒಳಗೆ ಗಾಳಿ ತುಂಬಿ, ಅಂಗಡಿಯ ಮುಂದಿದ್ದ ಸಿಮೆಂಟಿನ ತೊಟ್ಟಿಯಲ್ಲಿ ಮುಳುಗಿಸುತ್ತಿದ್ದರು. ಗುಳ್ಳೆ ಎದ್ದ ಕಡೆ ತೂತು. ಅಲ್ಲಿ ಬೆಸುಗೆ ಹಾಕಿ ಮತ್ತೆ ಮುಳುಗಿಸುವುದು. ಒಂದು ಗುಳ್ಳೆಯೂ ಏಳದೆ ಇರುವ ತನಕ ಗಾಡಿ ಕೊಡುತ್ತಿರಲಿಲ್ಲ. ಅವರ ಕೈಗುಣವನ್ನು ನಂಬಿ ಮಳವಳ್ಳಿ ಕಡೆಯಿಂದಲೂ ಟ್ರ್ಯಾಕ್ಟರಿನವರು ಬರುತ್ತಿದ್ದರು.

ಆ ಶನಿವಾರ ಜೀಪಿನ ಬೆಸುಗೆ ಕೆಲಸ ಮುಗಿದು, ನಾಲೆಯ ನೀರಿನ ಬದಲು ಕೂಲೆಂಟು ತುಂಬಿಸಿದ್ದೂ ಆಗಿತ್ತು. ರೇಡಿಯೇಟರಿನಿಂದ ಇಂಜಿನ್ನಿಗೆ ನೀರು ಹೋಗುವ ಕೆಳಗಿನ ರಬ್ಬರ್ ಹೋಸು ಮಾತ್ರ ಬಿರುಕು ಬಿಟ್ಟಿದೆ, ಹೊಸದು ಮೈಸೂರಿನಿಂದ ಸೋಮವಾರ ಬರುತ್ತದೆ, ಅಲ್ಲಿಯವರೆಗೆ ಗಾಡಿ ಇಲ್ಲೇ ಇರಲಿ ಎಂದರು. ಮರುದಿನ ಅಕ್ಕನನ್ನು ಚಿಕ್ಕರಸಿನಕೆರೆಯ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಆಗುವುದಿಲ್ಲ ಎಂದು ಹಟ ಹಿಡಿದು ಕೀಲಿ ಕೈ ಇಸಿದುಕೊಂಡೆ. ಸಾಬರು ಜೀಪಿನ ಕಿಟಕಿ ಹಿಡಿದು ನಿಂತರು.

"ಬಿಸಿ ತೋರ್ಸೋ ಮುಳ್ಳು ನೋಡ್ಕಳಿ ಮೇಷ್ಟ್ರೇ. ಆದ್ರೆ ಮುಳ್ನೇ ನಂಬ್ಕಬ್ಯಾಡಿ. ಒಳ್ಗೆ ನೀರೇ ಇಲ್ದಿದ್ರೆ ಅದು ಯಾವ ಬಿಸಿ ತೋರ್ಸದು? ಮೂಗ್ನ ನಂಬಿ. ಸೀ ವಾಸ್ನೆ ಬಂತಾ, ಅಲ್ಲೇ ಆಫ್ ಮಾಡಿ. ನಮ್ ಕಡೆ ಎಲ್ ನೋಡುದ್ರೂ ಆಲೆಮನೆ. ಬೆಲ್ಲ ಕಾಯಿಸ್ತಾವ್ರೆ ಅಂದ್ಕಂಡು ಓಯ್ತಾನೇ ಇರ್ಬ್ಯಾಡಿ."

ಆಯ್ತು ಆಯ್ತು ಎಂದು ಗೇರ್ ಹಾಕಿದೆ.

ಭಾನುವಾರ ಪೂಜೆ ಮುಗಿಸಿ ಹಿಂದಿರುಗುತ್ತಿದ್ದೆವು. ರಸ್ತೆಯ ಎರಡೂ ಕಡೆ ಕಬ್ಬು. ಬಿಸಿಲು ಸುಡುತ್ತಿತ್ತು. ಮುಳ್ಳು ಸ್ವಲ್ಪ ಮೇಲೇರಿದ್ದನ್ನು ನೋಡಿ ನಾನೂ ಅದರ ಮೇಲೆಯೇ ಕಣ್ಣಿಟ್ಟೆ. ಆದರೆ ಒಂದೆರಡು ನಿಮಿಷದಲ್ಲಿ ಅದು ತಾನಾಗಿಯೇ ಇಳಿಯತೊಡಗಿತು. ನಿರಾಳವಾಯಿತು. ಅದೇ ಹೊತ್ತಿಗೆ ಗಮ್ಮನೆ ಸಿಹಿ ವಾಸನೆ ಬಂತು.

"ಎಲ್ಲೋ ಆಲೆಮನೆ ನಡೀತಾ ಅದೆ ಕಣ್ಲಾ. ನಿಲ್ಸು, ಬಿಸಿ ಬೆಲ್ಲ ತಿಂದ್ಕಂಡು ಓಗಾನ" ಎಂದಳು ಅಕ್ಕ.

ನಾನು ಅತ್ತಿತ್ತ ಕತ್ತು ತಿರುಗಿಸಿ ಹೊಗೆ ಹುಡುಕಿದೆ. ಕಾಣಲಿಲ್ಲ. ಊಟಕ್ಕೆ ಹೊತ್ತಾಗುತ್ತದೆ, ಇನ್ನೊಂದು ದಿನ ನೋಡೋಣ ಸುಮ್ಮನಿರು ಎಂದು ಗದರಿಸಿ ಇನ್ನೂ ಜೋರಾಗಿ ಓಡಿಸಿದೆ. ಅಕ್ಕನ ಬೆಲ್ಲದಾಸೆಗೆ ಅಲ್ಲಿ ನಿಲ್ಲಿಸಿದ್ದರೂ ಸಾಕಿತ್ತು. ಮೈಲಿ ಕಳೆಯುವಷ್ಟರಲ್ಲಿ ಇಂಜಿನ್ ಕಟಕಟ ಸದ್ದು ಮಾಡಿ ಕಚ್ಚಿಕೊಂಡು ನಿಂತಿತು. ಹೋಸು ಸೀಳಿ ನೀರೆಲ್ಲ ಯಾವಾಗಲೋ ಸೋರಿಹೋಗಿತ್ತು. ಮುಳ್ಳು ಇಳಿದದ್ದು ಅದಕ್ಕೇ. ಶಾಖದ ಪಾಠ ಮಾಡುವ ನನಗೆ ಇಷ್ಟು ಹೊಳೆಯಲಿಲ್ಲ.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಜೀಪನ್ನು ಸಾಬರ ಅಂಗಡಿಗೆ ಎಳೆಸಿಕೊಂಡು ಬಂದೆ. ದಾರಿಯುದ್ದಕ್ಕೂ ನನ್ನ ಮೇಲೆಯೇ ಸಿಟ್ಟಿತ್ತು. ಅಂಗಡಿ ತಲುಪುವಷ್ಟರಲ್ಲಿ ಅದು ಅವರ ಮೇಲೆ ತಿರುಗಿತ್ತು. ಬಾಯಿಗೆ ಬಂದಂತೆ ಕೂಗಾಡಿದೆ. ಇದೇನು ಬೆಸುಗೆಯೋ, ಅಂಟು ಮೆತ್ತಿದ್ದೋ ಎಂದೆ. ಟೀ ಅಂಗಡಿಯಿಂದ ಜನ ಎದ್ದು ಬಂದರು. ಅವರಲ್ಲಿ ನನ್ನ ವಿದ್ಯಾರ್ಥಿಗಳ ತಂದೆಯರೂ ಇದ್ದರು. ಅಕ್ಕ ತಲೆ ತಗ್ಗಿಸಿ ಜೀಪಿನಲ್ಲೇ ಕೂತಿದ್ದಳು.

ಸಾಬರು ಬಾನೆಟ್ ಎತ್ತಿ ನಿಲ್ಲಿಸಿದರು. ಆರುವ ತನಕ ಕಾದು, ಜನರೆಲ್ಲ ಚದುರಿದ ಮೇಲೆ ರೇಡಿಯೇಟರ್ ಬಿಚ್ಚಿ ತೊಟ್ಟಿಯಲ್ಲಿ ಮುಳುಗಿಸಿದರು. ಅವರೂ ನಾನೂ ಇಬ್ಬರೇ ಬಗ್ಗಿ ನೋಡಿದೆವು. ಒಂದು ಗುಳ್ಳೆಯೂ ಏಳಲಿಲ್ಲ. ನಾನು ತಲೆ ಎತ್ತಲಾರದೆ ನೀರನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಟೀ ಅಂಗಡಿಯವನು, ಏನಾಯ್ತು ಸಾಬ್ರೇ ಎಂದು ಕೂಗಿ ಕೇಳಿದ.

"ನಂದೇ ತಪ್ಪು ಕಣಪ್ಪ" ಎಂದರು ಸಾಬರು. ಆಮೇಲೆ ನನ್ನ ಕಡೆ ತಿರುಗಿ, "ನಾನು ಗಾಡಿ ಕೊಡಬಾರ್ದಿತ್ತು. ಬುಡಿ, ಮಕ್ಳಿಗೆ ಪಾಠ ಹೇಳೋರು ನೀವು" ಎಂದು ಮೆಲ್ಲಗೆ ಹೇಳಿದರು.

ನನ್ನ ಮಾನ ಉಳಿಸಲು ಆಡಿದ ಮಾತು ಅದು ಎಂದು ಆ ಕ್ಷಣವೇ ಗೊತ್ತಾಯಿತು. ಗೊತ್ತಾಗಿಯೂ ಸುಮ್ಮನಿದ್ದೆ. ಅಷ್ಟಕ್ಕೇ ಸುಮ್ಮನಿದ್ದಿದ್ದರೂ ಒಂದು ಲೆಕ್ಕಕ್ಕೆ ವಾಸಿಯಿತ್ತು. ಮರುದಿನ ಸ್ಟಾಫ್ ರೂಮಿನಲ್ಲಿ, ಸಾಬರ ಕೆಲಸದಿಂದ ಇಂಜಿನ್ ಹೋಯಿತು ಎಂದು ನಾನೇ ಬಣ್ಣಿಸಿ ಹೇಳಿದೆ. ನಮ್ಮ ಶಾಲೆಯ ಮೂರು ವ್ಯಾನುಗಳ ಕೆಲಸವೂ ಸಾಬರದೇ ಆಗಿತ್ತು. ಹೆಡ್‌ಮಾಸ್ಟರು ನನ್ನನ್ನು ಕರೆದು, ಇನ್ನು ಮುಂದೆ ಅವರ ಹತ್ತಿರ ಬಿಡಬಹುದೇ ಎಂದು ಕೇಳಿದರು. "ಬೇರೆ ಕಡೆ ಮಾಡಿಸಿ ಸಾರ್, ಅವರಿಗೆ ವಯಸ್ಸಾಯಿತು" ಎಂದೆ. ಆ ಮಾತು ಹೇಳುವಾಗ ನನ್ನ ನಾಲಿಗೆ ಯಾಕೆ ತಡವರಿಸಲಿಲ್ಲವೋ... ಇವತ್ತಿಗೂ ನನಗೆ ತಿಳಿಯದು.

ವ್ಯಾನುಗಳು ಹೋದವು. ವ್ಯಾನಿನ ಡ್ರೈವರುಗಳ ಬಾಯಿಂದ ಬೇರೆಯವರ ಕಿವಿಗೂ ಬಿತ್ತು. ಟ್ರ್ಯಾಕ್ಟರಿನವರು ಕಡಿಮೆಯಾದರು. ಜೀಪನ್ನು ಗುಜರಿಗೆ ಹಾಕಿದ ಮೇಲೆ ನಾನು ಬಸ್ಸಿನಲ್ಲಿ ಆ ದಾರಿಯಲ್ಲಿ ಹೋಗುವಾಗ, ಸಾಬರು ಖಾಲಿ ತೊಟ್ಟಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತಿರುವುದು ಕಾಣುತ್ತಿತ್ತು. ಇಳಿದು ಹೋಗಿ ಹೇಳಿಬಿಡಬೇಕು ಅನ್ನಿಸುತ್ತಿತ್ತು. ಪರೀಕ್ಷೆ ಮುಗಿಯಲಿ, ರಜೆ ಬರಲಿ, ಅಂಗಡಿಯಲ್ಲಿ ಜನ ಇಲ್ಲದಾಗ ಹೋಗೋಣ... ಹೀಗೇ. ಒಂದು ದಿನ ನೋಡಿದರೆ ಬಾಗಿಲು ಹಾಕಿತ್ತು. ಮಳವಳ್ಳಿಗೆ ಮಗಳ ಮನೆಗೆ ಹೋದರಂತೆ ಎಂದು ಟೀ ಅಂಗಡಿಯವನು ಹೇಳಿದ. ಆಮೇಲೂ ನಾನು ಹೋಗಲಿಲ್ಲ. ಹನ್ನೆರಡು ವರ್ಷ.

ಮಂಡ್ಯದಲ್ಲಿ ಆ ವ್ಯಾನು ಕಂಡ ಮಾರನೆಯ ದಿನ ಮಳವಳ್ಳಿಗೆ ಹೋದೆ. ವಿಚಾರಿಸಿಕೊಂಡು ಮನೆ ಹುಡುಕಿದೆ. ಅವರ ಮಗಳು ಬಾಗಿಲ ಬಳಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಸಾಬರು ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ಯಾರೆಂದು ಹೇಳಿದ ಕೂಡಲೇ ಆಕೆ ಗಡಬಡಿಸಿ ಎದ್ದು ಕುರ್ಚಿ ಹಾಕಿದರು.

"ಜೀಪಿನ ಮೇಷ್ಟ್ರಾ ನೀವು? ಬೇಜಾರ್ ಇಟ್ಕಬ್ಯಾಡಿ ಸಾರ್. ನಿಮ್ ಇಂಜಿನ್ ನಮ್ ಅಬ್ಬಾ ಕೈಲೇ ಕೆಟ್ಟೋಯ್ತಂತೆ. ಮೊದ್‌ಮೊದ್ಲು ನಂದಲ್ಲ ಅನ್ನೋರು. ಊರೆಲ್ಲ ಅದ್ನೇ ಅಂದ್ಮೇಲೆ ಅವ್ರಿಗೂ ಅಂಗೇ ಅನ್ಸೋಯ್ತು. ಹೋಸೊಂದೇ ಅಲ್ಲ, ಬೆಸುಗೆನೂ ಕೂತಿರ್ಲಿಲ್ವೇನೋ, ಕಣ್ಣು ಮಂಜಾಗಿತ್ತು, ಗುಳ್ಳೆ ಎದ್ದಿದ್ರೂ ನಂಗೆ ಕಾಣ್ಲಿಲ್ವೇನೋ ಅಂತ ಸಾಯೋಗಂಟ ಅಂತಿದ್ರು. ಅದ್ಕೇ ಅಂಗಡಿ ಮುಚ್ಚುದ್ದು. ಇನ್ನೊಬ್ರ ಗಾಡಿ ಕೆಡಿಸಬಾರ್ದು ಅಂತ."

ಕುರ್ಚಿಯಲ್ಲಿ ಕೂರಲು ನನ್ನಿಂದ ಆಗಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಬೆಸುಗೆ ಗಟ್ಟಿಯಾಗಿಯೇ ಇತ್ತು ಎಂದೆ, ಹೋಸಿನ ಬಗ್ಗೆ ಅವರು ಎಚ್ಚರಿಸಿದ್ದರು ಎಂದೆ, ಶಾಲೆಯಲ್ಲಿ ನಾನು ಆಡಿದ ಮಾತನ್ನೂ ಬಿಡದೆ ಹೇಳಿದೆ. ಆಕೆ ಹೊಲಿಯುತ್ತಿದ್ದ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿಸಿಕೊಂಡರು. ಬೈದರೆ ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಇದ್ನ ಒಂದ್ಸಲ ಅಬ್ಬಾಗೆ ಯಾರಾದ್ರೂ ಬಂದ್ ಹೇಳಿದ್ರೆ ಸಾಕಿತ್ತಲ್ಲ ಸಾರ್" ಎಂದರು.

ಯಾರಾದರೂ ಎಲ್ಲಿಂದ ಬರಬೇಕು? ಆ ದಿನ ತೊಟ್ಟಿಯೊಳಗೆ ಬಗ್ಗಿ ನೋಡಿದವರು ನಾವಿಬ್ಬರೇ. ಮದ್ದೂರಿನ ನನ್ನ ಮನೆಯಿಂದ ಆಕೆಯ ಮನೆಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೂ ಇಲ್ಲ.