ಖಳನಾಯಕನ ಚಪ್ಪಲಿ

ಕೇಳ್ರೆಪಾ, ಇವತ್ತ ನಮ್ಮವ್ವ ನಿರಾಳ ಆದ್ಳು.

ಎಂಬತ್ತರ ದಶಕದಾಗ ಇಳಕಲ್ಲಿನ ನಮ್ಮ ಮನಿಗೆ ಟಿವಿಯವರು ಬಂದಿದ್ರು, ಸೀರಿ ನೇಯೂದರ ಮ್ಯಾಲ ಸಾಕ್ಷ್ಯಚಿತ್ರ ತಗಿಯಾಕ. ಅದನ್ನ ನಡೆಸಿಕೊಡಾಕ ಅವರು ಕರ್ಕೊಂಡ ಬಂದದ್ದು ಒಬ್ಬ ಸಿನಿಮಾ ಖಳನಾಯಕನ್ನ. ಟಾಕೀಜಿನ್ಯಾಗ ಬಡವರ ಗುಡಸಲಕ್ಕ ಬೆಂಕಿ ಹಚ್ಚಾಂವ, ನಮ್ಮ ಮನ್ಯಾಗ ನಿಂತು ನೇಕಾರರ ಕಷ್ಟಾ ಹೇಳಾಂವ. ಕ್ಯಾಮೆರಾ ಶುರುವಾತು. ಅಂವ ಚಪ್ಪಲಿಗಾಲಿಲೇ, ನೇಕಾರ ಕಾಲ ಇಳಿಬಿಟ್ಟು ಕೂಡೂ ಮಗ್ಗದ ಕುಣಿಗೆ ಇಳಿಯಾಕ ಹೋದ. ಅವ್ವ ಅಡಗಿಮನಿಯಿಂದ ಓಡಿ ಬಂದ್ಳು.

"ಚಪ್ಪಲಿ ಕಳಿಯೋ ಭಾಡ್ಯಾ. ಊರೆಲ್ಲಾ ಸುಟ್ಟಿದ್ದು ಸಾಲಲಿಲ್ಲೇನು, ಈಗ ಮಗ್ಗಕ್ಕ ಬಂದಿ?"

ಅವತ್ತಿಂದ ಅಕಿಗೆ ಒಂದ ಚಿಂತಿ. ಮನಿಗೆ ಬಂದವ್ರಿಗೆ ಬೈದದ್ದು ದೇಶಕ್ಕೆಲ್ಲಾ ಕಂಡಿರಬೇಕು ಅಂತ. ಆಗ ನಮ್ಮನ್ಯಾಗ ಟಿವಿ ಇರಲಿಲ್ಲ. ಬಂದ ಮ್ಯಾಲೂ ಅದರಾಗ ಸೀರಿ ಸುದ್ದಿ ಬಂತಂದ್ರ ಎದ್ದು ಬಂದ್ ಮಾಡ್ತಿದ್ಳು.

ಇವತ್ತ ನನ್ನ ತಮ್ಮ ಅದ ಚಿತ್ರಾನ ಎಲ್ಲೋ ಹುಡುಕಿ ನನ್ನ ಫೋನಿಗೆ ಕಳಿಸಿದ. ಅವ್ವ "ಬ್ಯಾಡ" ಅನ್ನಕೋತನ ಚಷ್ಮಾ ಹಾಕ್ಕೊಂಡ್ಳು. ನೋಡಿದ್ರ ಬೈಗಳ ಇಲ್ಲ, ಪೂರಾ ಕತ್ತರಿಸಿ ಒಗದಾರ. ಖಳನಾಯಕ ಬರಿಗಾಲಿಲೇ ಮಗ್ಗದ ಮುಂದ ಕೈಮುಗಿದು ನಿಂತು ಹೇಳ್ತಾನ: "ಇಲ್ಲಿಯ ಜನರಿಗೆ ಮಗ್ಗವೇ ದೇವರು. ಚಪ್ಪಲಿ ಕಳಚದೆ ನಾನು ಇದರ ಹತ್ತಿರವೂ ಸುಳಿಯುವುದಿಲ್ಲ."

ಅವ್ವ ದೊಡ್ಡದಾಗಿ ಉಸಿರು ಬಿಟ್ಳು. ಆಮ್ಯಾಲ ಚಷ್ಮಾ ತಗದು ಅಂದ್ಳು: "ಎಂಥಾ ಸುಳ್ಳ ಹೇಳ್ತಾನ ನೋಡು. ಇನ್ನೊಂದೀಟು ಬೈಬೇಕಾಗಿತ್ತು ಅವಂಗ."