ಕಣಿವೆಯಲ್ಲಿ ಕೇಳಿದ ‘ಹೊಕ್ಕೇನಿ’

ಅಶರೀರವಾಣಿ, ಸೂಚನೆ ಅಂತ ಯಾರಾದರೂ ಕತೆ ತೆಗೆದರೆ ನಾನು ಎದ್ದು ಚಹಾಕ್ಕಿಡುವ ಮನುಷ್ಯ. ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕದ್ದು ಅಷ್ಟೇ ಖರೆ ಎಂದು ನಂಬಿ ಈ ಪರದೇಶದಲ್ಲಿ ಬಾಳುವೆ ಕಟ್ಟಿದವನು. ನೀವೂ ಹಾಗೇ ಇರಿ, ಒಳ್ಳೆಯದು. ಆದರೆ ಕೆಲವು ವರ್ಷಗಳ ಹಿಂದೆ ಕ್ರೆಡಿಟ್ ನದಿಯ ಕಣಿವೆಯಲ್ಲಿ, ಹಾಡುಹಗಲಲ್ಲಿ, ನನ್ನ ಕಿವಿಗೆ ಬಿದ್ದದ್ದನ್ನು ಏನೆಂದು ಕರೆಯಬೇಕೋ ಇವತ್ತಿಗೂ ತಿಳಿದಿಲ್ಲ.

ಮಹಾಂತೇಶ ಮತ್ತು ನಾನು ಹುಬ್ಬಳ್ಳಿಯ ಒಂದೇ ಓಣಿಯವರು. ಹಳೆಯ ಫ್ರಿಜ್ಜು, ವಾಷಿಂಗ್ ಮಷೀನು ಕೊಂಡು, ರಿಪೇರಿ ಮಾಡಿ ಮಾರುವ ಅಂಗಡಿಯನ್ನು ಇಲ್ಲಿಯ ಮೆಡೋವೇಲಿನ ಹತ್ತಿರ ಕೂಡಿಯೇ ಕಟ್ಟಿದೆವು. ರಿಪೇರಿ ಅವನದು, ಮಾತು ನನ್ನದು. ನಡುವೆ ಮನಸ್ಸು ಮುರಿಯಿತು. ಅವನು ಪಾಲು ಬಿಟ್ಟು ದೂರದ ಕ್ಯಾಲ್ಗರಿಗೆ ಹೋಗುವ ಮಾತು ತೆಗೆದ. ಅಂಗಡಿ ಹೋದರೆ ಇನ್ನೊಂದು ತೆಗೆಯಬಹುದು. ಅವನು ಹೋದರೆ ಈ ಊರಲ್ಲಿ ನನ್ನನ್ನು ‘ಲೇ’ ಎಂದು ಕರೆಯುವವರು ಒಬ್ಬರೂ ಉಳಿಯುತ್ತಿರಲಿಲ್ಲ.

ಮುರಿದ ವ್ಯವಹಾರವನ್ನು ಎಂದೂ ಅಂಗಡಿಯಲ್ಲಿ ಕೂತು ಕೂಡಿಸಲು ಹೋಗಬೇಡಿ. ಸ್ವಲ್ಪ ನಡೆಸಿದರೆ ಮನುಷ್ಯ ಮೆತ್ತಗಾಗುತ್ತಾನೆ. ಅದಕ್ಕೇ ಮೇಪಲ್ ಎಲೆ ಕೆಂಪಾದಾಗ, ಒಂದು ರವಿವಾರ, ಅವನನ್ನು ಹೈಕಿಂಗ್ ನೆಪದಲ್ಲಿ ಆ ಕಣಿವೆಗೆ ಕರೆದುಕೊಂಡು ಹೋದೆ.

ಏರು ಶುರುವಾಗುತ್ತಲೇ ಅವನು ನಕ್ಕ. “ಇದಕ್ಕ ಗುಡ್ಡ ಅಂತಾರೇನಲೇ? ನಮ್ಮ ನೃಪತುಂಗ ಬೆಟ್ಟ ಇದರ ಅಪ್ಪ ಆಗ್ತದ. ಇದಕ್ಕ ಚೌಕಾಶಿ ಮಾಡಲಾರದ ಪಾರ್ಕಿಂಗ್ ರೊಕ್ಕ ಹ್ಯಾಂಗ ಕೊಟ್ಟೀ ಮಾರಾಯಾ?”

ಅವನ ನಗು ಕೇಳಿ ಬಹಳ ದಿನವಾಗಿತ್ತು. ಅರ್ಧ ಗೆದ್ದೆ ಎಂದುಕೊಂಡೆ.

ಮುಂದಿನ ತಿರುವಿನಲ್ಲಿ ಅವನು ಮರೆಯಾದ. ನಾನು ಬೂಟಿನ ಲೇಸು ಕಟ್ಟಲು ಬಗ್ಗಿದೆ. ಆಗ ಹಿಂದಿನಿಂದ, ಕಿವಿಗೆ ಉಸಿರು ತಾಗುವಷ್ಟು ಹತ್ತಿರ, ಅವನದೇ ದನಿ: “ಹೊಕ್ಕೇನಿ.”

ನಮ್ಮ ಕಡೆ ಹೊರಡುವವರು ‘ಬರ್ತೇನಿ’ ಎನ್ನುತ್ತಾರೆ. ‘ಹೊಕ್ಕೇನಿ’, ಅಂದರೆ ಹೋಗುತ್ತೇನೆ, ಎಂದರೆ ತಿರುಗಿ ಬರುವುದಿಲ್ಲ ಎಂದ ಹಾಗೆ. ಸಣ್ಣವರಿದ್ದಾಗ ಆ ಮಾತಿಗೆ ಇಬ್ಬರೂ ಅವ್ವಂದಿರ ಕೈಯಲ್ಲಿ ಪೆಟ್ಟು ತಿಂದವರೇ. ತಿರುಗಿ ನೋಡಿದೆ. ಯಾರೂ ಇಲ್ಲ. ಒಂದು ಎಲೆಯೂ ಅಲುಗುತ್ತಿರಲಿಲ್ಲ.

ತಿರುವಿನ ಕಡೆ ಓಡಿದೆ. ಎದುರಿನಿಂದ ಅವನೇ ದಡದಡ ಇಳಿದು ಬಂದ. ಮುಖ ಬಿಳಿಚಿತ್ತು.

“ಹಂಗ್ಯಾಕ ಅಂದೀಲೇ? ಹೊಕ್ಕೇನಿ ಅಂತ ಕಿವ್ಯಾಗ ಬಂದು ಅಂದೀಯಲ್ಲಾ!”

“ಅಂದಾಂವ ನೀನು!” ಎಂದೆ. “ನಾ ಇಲ್ಲೇ ಇದ್ದೆ.”

ನನ್ನನ್ನೇ ನೋಡುತ್ತ ನಿಂತ. ಆಮೇಲೆ ಮೆಲ್ಲಗೆ ಕೇಳಿದ: “ನನ್ನ ತಡೀಲಿಕ್ಕ ಇದೂ ನಿಂದೊಂದು ಡೀಲ್ ಏನು?”

ಬರ್ಫ ಬೀಳುವ ಮೊದಲೇ ಅವನು ಕ್ಯಾಲ್ಗರಿ ಸೇರಿದ. ಈಗ ದೀಪಾವಳಿಗೆ ಒಂದು ಫಾರ್ವರ್ಡ್ ಮೆಸೇಜು ಬರುತ್ತದೆ, ನಾನೂ ಒಂದು ಕಳಿಸುತ್ತೇನೆ.

ಅದು ಪ್ರತಿಧ್ವನಿ ಎಂದು ಪರಿಚಯದ ಇಂಜಿನಿಯರರೊಬ್ಬರು ಸಮಾಧಾನ ಹೇಳಿದರು. ಯಾರೂ ಆಡದ ಮಾತಿಗೆ ಎಂಥ ಪ್ರತಿಧ್ವನಿ? ಅದೂ ನನಗೆ ಅವನ ದನಿಯಲ್ಲಿ, ಅವನಿಗೆ ನನ್ನ ದನಿಯಲ್ಲಿ?

ಗಿರಾಕಿ ಸುಳ್ಳಾಡಿದರೆ ಮುಖ ನೋಡಿಯೇ ಹಿಡಿಯುತ್ತೇನೆ. ಆವತ್ತು ಅವನ ಮುಖದಲ್ಲಿ ಸುಳ್ಳಿರಲಿಲ್ಲ. ನನ್ನ ಮುಖದಲ್ಲೂ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆದರೆ ಅಷ್ಟು ವರ್ಷ ನಾನು ಮಾರುವುದನ್ನು ಪಕ್ಕದಲ್ಲೇ ನಿಂತು ನೋಡಿದವನು ಅವನು. ಈ ಮುಖವನ್ನು ಅವನಾದರೂ ಹೇಗೆ ನಂಬಬೇಕು?