ಅರಿಶಿನದ ನೀರು ಕುಡಿದ ಓನರ್ ಆಂಟಿ

ಸಂಕ್ರಾಂತಿಯ ಹಿಂದಿನ ದಿನ ಜಯನಗರ ಫೋರ್ತ್ ಬ್ಲಾಕ್‌ನಲ್ಲಿ ಕಬ್ಬಿನ ಪಕ್ಕ ಬೇರುಸಮೇತ ಅರಿಶಿನದ ಗಿಡ ಮಾರುತ್ತಿದ್ದರು. ಯಾರೋ ಕೊಂಬು ಮುರಿದು ನೋಡಿದರು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಏನೂ ಕೊಳ್ಳದೆ ಆಟೋ ಹತ್ತಿ ಮನೆಗೆ ಬಂದುಬಿಟ್ಟೆ.

ಹಿಂದೆ ಚಿಕ್ಕಲಸಂದ್ರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರ್ ಆಂಟಿ, ಅಂಕಲ್ ಕೆಳಗಡೆ ಇದ್ದರು. ಆಗ ನನ್ನದು ಪಿಎಚ್‌ಡಿ. ಲ್ಯಾಬಿನ ಪುಟ್ಟ ತಟ್ಟೆಗಳಲ್ಲಿ ಬೆಳೆಸಿದ ಹೊಟ್ಟೆಯ ಕ್ಯಾನ್ಸರ್ ಕೋಶಗಳಿಗೆ ಅರಿಶಿನದ ಸತ್ವ ಹಾಕಿ, ಅವುಗಳ ಜೀನ್‌ಗಳ ಚಟುವಟಿಕೆ ಹೇಗೆ ಬದಲಾಗುತ್ತದೆಂದು ನೋಡುವುದೇ ಕೆಲಸ. ಶುಕ್ರವಾರ ಆಂಟಿ ನನ್ನನ್ನು ಕರೆದು ಕುಂಕುಮ ಕೊಟ್ಟು, "ಬರೀ ಬ್ರೆಡ್ಡು ತಿಂದ್ಕೊಂಡು ಬಿದ್ದಿರ್ಬೇಡ ಕಣೇ" ಎಂದು ಗದರುತ್ತಿದ್ದರು.

ಅವರಿಗೇ ಆ ಹೊಟ್ಟೆಯ ಕ್ಯಾನ್ಸರ್ ಬಂತು... ಕೀಮೋ ಕೊಟ್ಟು ಗಡ್ಡೆ ಕುಗ್ಗಿಸಿ ಆಮೇಲೆ ಆಪರೇಷನ್ ಎಂದರು ಡಾಕ್ಟರು. ಒಂದೇ ಕೀಮೋಗೆ ಆಂಟಿ ಹಣ್ಣಾಗಿಹೋದರು.

ಅದೇ ವಾರ ನನ್ನ ಪ್ರಯೋಗ ಕೈಗೂಡಿತು. ಗಡ್ಡೆ ಬೆಳೆಸುವ ಒಂದು ಜೀನ್ ಹೆಚ್ಚುಕಡಿಮೆ ಸುಮ್ಮನಾಗಿತ್ತು, ಕೋಶಗಳು ಸಾಯುತ್ತಿದ್ದವು. ನನ್ನ ಬಾಯಿಗೆ ಬೀಗ ಎಲ್ಲಿ?

"ಆಂಟಿ, ಅರಿಶಿನ ಆ ಜೀನನ್ನ ಆಫ್ ಮಾಡ್ಬಿಡ್ತು!"

"ನಮ್ಮ ಅರಿಶಿನಾನಾ?" ಎಂದರು. ಎಷ್ಟೋ ದಿನಗಳ ಮೇಲೆ ನಕ್ಕಿದ್ದರು. ಆ ನಗು ನೋಡಿ ಮುಂದಿನದನ್ನು ನುಂಗಿಕೊಂಡೆ... ನಾವು ತಟ್ಟೆಗೆ ಹಾಕಿದಷ್ಟು ಸತ್ವ, ಎಷ್ಟು ಅರಿಶಿನ ಕುಡಿದರೂ ರಕ್ತಕ್ಕೆ ಸೇರುವುದಿಲ್ಲ ಎಂಬುದನ್ನು.

ಮರುದಿನದಿಂದ ಹಸಿ ಕೊಂಬು ಜಜ್ಜಿ ಕುದಿಸುವ ಘಾಟು ಮಹಡಿಗೆ ಬರತೊಡಗಿತು. ಕೀಮೋ ಜೊತೆಗೆ ಕುಡಿಯುತ್ತಿರಬೇಕು ಅಂದುಕೊಂಡೆ. ಅಯ್ಯೋ, ಇಳಿದು ಹೋಗಿ ಒಂದು ಮಾತು ಕೇಳಬಾರದಿತ್ತೇ! ಎರಡು ತಿಂಗಳಾದ ಮೇಲೆ ಅಂಕಲ್ ಬಂದು ಬಾಗಿಲಲ್ಲಿ ನಿಂತರು.

"ನೀನು ಹೇಳಿದ್ಮೇಲೆ ಅವಳು ಆಸ್ಪತ್ರೆ ಕಡೆ ತಲೇನೇ ಹಾಕ್ಲಿಲ್ಲಮ್ಮ. ಈಗ ನೀರೂ ಇಳೀತಿಲ್ಲ."

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಷ್ಟು ಹೊತ್ತಿಗೆ ಲಿವರ್‌ಗೂ ಹರಡಿತ್ತು. ಆಸ್ಪತ್ರೆಯಲ್ಲಿ ಆಂಟಿ ನನ್ನ ಕೈ ಹಿಡಿದುಕೊಂಡು, "ನಾನೇ ಸರಿಯಾಗಿ ಪಥ್ಯ ಮಾಡ್ಲಿಲ್ಲ ಕಣೇ. ನಿನ್ನ ಔಷಧೀದು ತಪ್ಪಲ್ಲ" ಎಂದರು. ಆಗಲೂ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ನನ್ನ ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಂಡೇ ಹೋದರು...

ಈಗ ನನ್ನ ಹೆಸರಿನ ಹಿಂದೆ ಡಾಕ್ಟರ್ ಅಂತಿದೆ. ಪ್ರಬಂಧದ ಕೊನೆಯ ಪುಟದಲ್ಲಿ, 'ಈ ಫಲಿತಾಂಶ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗಷ್ಟೇ ಸೀಮಿತ' ಎಂದು ಬರೆದಿದ್ದೇನೆ. ಪರೀಕ್ಷಕರು ಓದಿ ತಲೆದೂಗಿದರು. ಅವರಿಗೆ ಅದು ಮೊದಲೇ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಆಂಟಿಗೆ. ಇನ್ನು ಯಾರಿಗೆ ಹೇಳಿ ಏನು ಬಂತು?